ಮದನಿಕೆಯ ತಲೆಯ ಮೇಲಿನ ಹಲ್ಲಿ

ಪ್ರವಾಸಕ್ಕೆಂದು ಝೂಮ್ ಇರುವ ಪುಟ್ಟ ಕ್ಯಾಮೆರಾ ಕೊಳ್ಳುವ ಮುನ್ನ ಕೇಳಿಕೊಳ್ಳಬೇಕಾದ ಎರಡು ಪ್ರಶ್ನೆ

ಬೇಲೂರಿನ ಚೆನ್ನಕೇಶವ ಗುಡಿಯ ಸೂರಿನ ಕೆಳಗೆ, ಹೊರಗಡೆ, 38 ಮದನಿಕೆಯರಿದ್ದಾರೆ. ಒಳಗೆ ನವರಂಗದಲ್ಲಿ ಇನ್ನೂ ನಾಲ್ವರು. ಹೊರಗಿನವರಲ್ಲಿ ಒಬ್ಬಳ ತಲೆಯ ಮೇಲೆ ಶಿಲ್ಪಿ ಎಲೆಬಳ್ಳಿಗಳ ಚಪ್ಪರ ಹಬ್ಬಿಸಿದ್ದಾನೆ. ಆ ಚಪ್ಪರದಲ್ಲೊಂದು ಹಲಸಿನ ಹಣ್ಣು, ಹಣ್ಣಿನ ಮೇಲೊಂದು ನೊಣ, ನೊಣಕ್ಕೆ ಹೊಂಚು ಹಾಕಿದ ಹಲ್ಲಿ. ವಿಷ್ಣುವರ್ಧನನ ಕಾಲದಲ್ಲಿ, 1117ರಲ್ಲಿ ಪ್ರತಿಷ್ಠೆಯಾದ ಗುಡಿ ಇದು. ಯಾರೂ ಹತ್ತಿ ನೋಡಲಾರದ ಎತ್ತರದಲ್ಲಿ ಅಷ್ಟು ಸಣ್ಣದನ್ನು ಅಷ್ಟು ಅಕ್ಕರೆಯಿಂದ ಕಡೆದವನ ಮನಸ್ಸು ಎಂಥದ್ದಿರಬೇಕು ಎಂದು ನಾನು ಪ್ರತಿ ಸಲವೂ ಯೋಚಿಸುತ್ತೇನೆ.

ನಾನು ಹಾಸನ ಜಿಲ್ಲೆಯ ಒಂದು ಪ್ರೌಢಶಾಲೆಯಲ್ಲಿ ಸಮಾಜ ವಿಜ್ಞಾನ ಹೇಳಿಕೊಡುತ್ತೇನೆ. ವರ್ಷಕ್ಕೊಮ್ಮೆ ಒಂಬತ್ತನೇ ತರಗತಿಯ ಮಕ್ಕಳನ್ನು ಬೇಲೂರು, ಹಳೇಬೀಡಿಗೆ ಕರೆದುಕೊಂಡು ಹೋಗುವುದು ನನ್ನ ಪಾಲಿನ ಕೆಲಸ. ಎರಡು ವರ್ಷದ ಹಿಂದೆ ಹೋದಾಗ ಈ ಹಲ್ಲಿಯನ್ನು ತೋರಿಸಿದೆ. ಕೆಲವರಿಗೆ ಕಂಡಿತು, ಬಹಳ ಮಂದಿಗೆ ಕಾಣಲಿಲ್ಲ. ಊರಿಗೆ ಬಂದ ಮೇಲೆ ನನ್ನ ಫೋನಿನಲ್ಲಿ ತೆಗೆದ ಚಿತ್ರವನ್ನು ತರಗತಿಯ ಪ್ರೊಜೆಕ್ಟರಿಗೆ ಹಾಕಿ ದೊಡ್ಡದು ಮಾಡುತ್ತಾ ಹೋದೆ. ಹಲ್ಲಿ ಇರಬೇಕಾದ ಜಾಗದಲ್ಲಿ ಒಂದು ಬೂದು ಕಲೆ ಬಂತು. ಕೊನೆಯ ಬೆಂಚಿನ ಹುಡುಗಿಯೊಬ್ಬಳು ಎದ್ದು ನಿಂತು, "ಮಿಸ್, ಹಲ್ಲಿ ಎಲ್ಲಿ?" ಎಂದಳು. ತೋರಿಸಲು ನನ್ನ ಹತ್ತಿರ ಏನೂ ಇರಲಿಲ್ಲ.

ಆ ವಾರವೇ ಒಂದು ಕ್ಯಾಮೆರಾ ಕೊಳ್ಳಬೇಕೆಂದು ತೀರ್ಮಾನಿಸಿದೆ. ಅದು ಕೈಚೀಲದಲ್ಲಿ ಹಿಡಿಸಬೇಕು. ನಲವತ್ತು ಮಕ್ಕಳನ್ನು ಎಣಿಸುತ್ತಾ ಓಡಾಡುವವಳು ಲೆನ್ಸುಗಳ ಮೂಟೆ ಹೊರಲಾರಳು. ಅಂಗಡಿಗೆ ಹೋದರೆ ಕೌಂಟರಿನ ಹುಡುಗ ಕೇಳಿದ ಮೊದಲ ಮಾತು, "ಎಷ್ಟು ಎಕ್ಸ್ ಬೇಕು ಮೇಡಂ? ಮೂವತ್ತಾ, ನಲವತ್ತಾ?" ಕ್ಯಾಮೆರಾ ಕೈಗೆ ಬರಲು ಅಲ್ಲಿಂದ ಏಳು ತಿಂಗಳು ಹಿಡಿಯಿತು. ಆ ಏಳು ತಿಂಗಳಲ್ಲಿ ನಾನು ಕಲಿತದ್ದನ್ನು ಒಂದೇ ಮಾತಿನಲ್ಲಿ ಹೇಳುವುದಾದರೆ, ಎಕ್ಸ್ ಎಷ್ಟು ಎಂಬುದು ಕೊನೆಗೆ ಕೇಳಬೇಕಾದ ಪ್ರಶ್ನೆ. ಮೊದಲು ಕೇಳಿಕೊಳ್ಳಬೇಕಾದವು ಎರಡು. ನೀವು ನೋಡಲು ಹೋಗುವ ವಸ್ತು ಎಷ್ಟು ದೂರದಲ್ಲಿರುತ್ತದೆ? ಅಲ್ಲಿ ಬೆಳಕು ಎಷ್ಟಿರುತ್ತದೆ?

ಎಕ್ಸ್ ಎಂದರೇನು?

ಪ್ಯಾನಾಸಾನಿಕ್ ಕಂಪನಿ 2006ರಲ್ಲಿ ಟಿಝಡ್1 ಎಂಬ ಕ್ಯಾಮೆರಾ ತಂದಿತು. ಟಿಝಡ್ ಎಂದರೆ ಟ್ರಾವೆಲ್ ಝೂಮ್. ಚಿಕ್ಕ ಗಾತ್ರದಲ್ಲಿ 10 ಎಕ್ಸ್ ಝೂಮ್ ಅದರ ಹೆಗ್ಗಳಿಕೆ. ಆಮೇಲೆ ಪೈಪೋಟಿ ಶುರುವಾಗಿ ಇಪ್ಪತ್ತು, ಮೂವತ್ತು, ನಲವತ್ತರವರೆಗೂ ಏರಿತು. ಅಷ್ಟರಲ್ಲಿ ಫೋನು ಎಲ್ಲರ ಕೈಗೂ ಬಂತು. ಲೆನ್ಸು ಬಿಚ್ಚಲಾಗದ ಈ ಬಗೆಯ ಪುಟ್ಟ ಕ್ಯಾಮೆರಾಗಳನ್ನು ಜಪಾನಿನ ಕಂಪನಿಗಳು 2010ರಲ್ಲಿ 10 ಕೋಟಿಗೂ ಹೆಚ್ಚು ಮಾರುಕಟ್ಟೆಗೆ ಕಳಿಸಿದ್ದವು. 2023ರಲ್ಲಿ ಕಳಿಸಿದ್ದು 20 ಲಕ್ಷಕ್ಕಿಂತ ಕಡಿಮೆ. ಹಾಗಾಗಿ ಹೊಸ ಮಾದರಿಗಳು ಅಪರೂಪವಾಗಿವೆ. ಇವತ್ತು ನಾವು ಹುಡುಕುವ ಒಳ್ಳೆಯ ಪ್ರವಾಸಿ ಕ್ಯಾಮೆರಾಗಳಲ್ಲಿ ಹೆಚ್ಚಿನವು 2018, 2019ರಲ್ಲಿ ಬಂದವು.

ಎಕ್ಸ್ ಎಂಬುದು ಬರೀ ಭಾಗಾಕಾರ. ಲೆನ್ಸಿನ ಅತಿ ಉದ್ದದ ನೋಟವನ್ನು ಅತಿ ಅಗಲದ ನೋಟದಿಂದ ಭಾಗಿಸಿದರೆ ಬರುವ ಸಂಖ್ಯೆ. 24 ಎಂಎಂನಿಂದ 720 ಎಂಎಂವರೆಗೆ ಹೋಗುವ ಲೆನ್ಸು 30 ಎಕ್ಸ್. 24ರಿಂದ 960ರವರೆಗೆ ಹೋದರೆ 40 ಎಕ್ಸ್. ಇದು ಆಪ್ಟಿಕಲ್ ಝೂಮ್, ಅಂದರೆ ಗಾಜುಗಳು ನಿಜವಾಗಿ ಹಿಂದೆ ಮುಂದೆ ಸರಿದು ಹತ್ತಿರ ತರುವುದು. ಡಬ್ಬಿಯ ಮೇಲೆ ದೊಡ್ಡದಾಗಿ ಬರೆದ ಡಿಜಿಟಲ್ ಝೂಮ್‌ನಲ್ಲಿ ಹೊಸದೇನೂ ಬರುವುದಿಲ್ಲ. ತೆಗೆದ ಚಿತ್ರದ ನಡುಭಾಗವನ್ನು ಕತ್ತರಿಸಿ ಹಿಗ್ಗಿಸಿ ಕೊಡುತ್ತದೆ, ಅಷ್ಟೆ. ಪ್ರೊಜೆಕ್ಟರಿನಲ್ಲಿ ನಾನು ಹಲ್ಲಿಗೆ ಮಾಡಿದ್ದೂ ಅದನ್ನೇ.

ಇಲ್ಲಿ ಹೇಳುವ ಎಂಎಂ ಹಳೆಯ 35 ಎಂಎಂ ರೀಲ್ ಕ್ಯಾಮೆರಾಗೆ ಹೊಂದಿಸಿ ಹೇಳುವ ಲೆಕ್ಕ. ಬೇರೆ ಬೇರೆ ಕ್ಯಾಮೆರಾಗಳನ್ನು ಒಂದೇ ತಕ್ಕಡಿಯಲ್ಲಿ ತೂಗಲು ಇದು ಅನುಕೂಲ. ಈ ಲೆಕ್ಕದಿಂದ ಇನ್ನೊಂದು ಉಪಯೋಗವೂ ಇದೆ. 36ನ್ನು ಎಂಎಂ ಸಂಖ್ಯೆಯಿಂದ ಭಾಗಿಸಿ, ವಸ್ತು ಇರುವ ದೂರದಿಂದ ಗುಣಿಸಿ. ಚಿತ್ರದೊಳಗೆ ಎಷ್ಟು ಅಗಲದ ಜಾಗ ಬರುತ್ತದೆ ಎಂಬುದು ಹೆಚ್ಚುಕಡಿಮೆ ಸಿಗುತ್ತದೆ.

ಹಲ್ಲಿಗೆ ಇದನ್ನು ಹಾಕಿ ನೋಡಿದೆ. ಜಗತಿಯ ಮೇಲೆ ಸ್ವಲ್ಪ ಹಿಂದೆ ಸರಿದು ನಿಂತರೆ ಅದು ನನ್ನಿಂದ ಸುಮಾರು 5 ಮೀಟರ್ ದೂರ ಎಂದಿಟ್ಟುಕೊಳ್ಳೋಣ. ಹಲ್ಲಿಯ ಉದ್ದ 5 ಸೆಂಟಿಮೀಟರ್. ಫೋನಿನ 24 ಎಂಎಂ ನೋಟದಲ್ಲಿ ಏಳೂವರೆ ಮೀಟರ್ ಅಗಲದ ಗೋಡೆ ಚಿತ್ರಕ್ಕೆ ಬರುತ್ತದೆ. ಚಿತ್ರದ ಅಗಲಕ್ಕೆ 4,000 ಚುಕ್ಕೆಗಳಿದ್ದರೆ ಹಲ್ಲಿಯ ಪಾಲಿಗೆ ಬರುವುದು 27 ಚುಕ್ಕೆ. ಬೂದು ಕಲೆ ಹುಟ್ಟಿದ್ದು ಹೀಗೆ. 20 ಮೆಗಾಪಿಕ್ಸೆಲ್ ಕ್ಯಾಮೆರಾಗಳಲ್ಲಿ ಚಿತ್ರದ ಅಗಲಕ್ಕೆ ಚುಕ್ಕೆಗಳು ಇನ್ನೂ ಹೆಚ್ಚು. ಅಂಥದ್ದರ 200 ಎಂಎಂನಲ್ಲಿ 90 ಸೆಂಟಿಮೀಟರ್ ಅಗಲ, ಹಲ್ಲಿಗೆ ಸುಮಾರು 300 ಚುಕ್ಕೆ. 360ರಲ್ಲಿ 50 ಸೆಂಟಿಮೀಟರ್, ಸುಮಾರು 550 ಚುಕ್ಕೆ. 960ರಲ್ಲಿ 19 ಸೆಂಟಿಮೀಟರಿಗೂ ಕಡಿಮೆ, 1,400 ಚುಕ್ಕೆ. ಇಷ್ಟು ನೋಡಿದರೆ 40 ಎಕ್ಸ್ ಗೆದ್ದ ಹಾಗೆಯೇ. ನಾನೂ ಹಾಗೆಂದುಕೊಂಡಿದ್ದೆ.

ತೊಗರಿಬೇಳೆ, ಹುಣಸೆಬೀಜ

ಲೆನ್ಸಿನ ಹಿಂದೆ ಬೆಳಕು ಬಂದು ಬೀಳುವ ಪುಟ್ಟ ಚಿಪ್ಪೇ ಸೆನ್ಸರ್. 30 ಎಕ್ಸ್, 40 ಎಕ್ಸ್ ಎಂದು ಮಾರುವ ಜೇಬಿನ ಕ್ಯಾಮೆರಾಗಳಲ್ಲಿ ಇದರ ಅಳತೆ 6.2 ಎಂಎಂ ಉದ್ದ, 4.6 ಎಂಎಂ ಅಗಲ, ಒಂದು ತೊಗರಿಬೇಳೆಯಷ್ಟು. ಒಂದಿಂಚಿನ ಸೆನ್ಸರ್ ಎಂದು ಕರೆಯುವುದು 13.2 ಎಂಎಂ ಉದ್ದ, 8.8 ಎಂಎಂ ಅಗಲ ಇರುತ್ತದೆ. ಹತ್ತಿರ ಹತ್ತಿರ ಒಂದು ಹುಣಸೆಬೀಜದಷ್ಟು. ಅದು ಯಾವ ಕಡೆಯಿಂದಲೂ ಒಂದಿಂಚು ಇಲ್ಲ. ಹಳೆಯ ಟಿವಿ ಕ್ಯಾಮೆರಾಗಳೊಳಗಿನ ಗಾಜಿನ ಕೊಳವೆಯ ಅಳತೆಯಿಂದ ಉಳಿದುಕೊಂಡು ಬಂದ ಹೆಸರದು. ಹೆಸರು ಹೇಗೇ ಇರಲಿ, ಹುಣಸೆಬೀಜದ ಮೇಲ್ಮೈ ಬೇಳೆಗಿಂತ ನಾಲ್ಕು ಪಟ್ಟು. ಲೆನ್ಸು ಅದೇ ಬಗೆಯದಾದರೆ ಅದು ನಾಲ್ಕು ಪಟ್ಟು ಬೆಳಕು ಹಿಡಿಯುತ್ತದೆ.

ಹಾಗಿದ್ದರೆ ಎಲ್ಲರೂ ಹುಣಸೆಬೀಜವನ್ನೇ ಹಾಕಬಹುದಲ್ಲ? ಹಾಕಿದರೆ ಲೆನ್ಸೂ ಅದೇ ಪ್ರಮಾಣದಲ್ಲಿ ಬೆಳೆಯಬೇಕಾಗುತ್ತದೆ. ಬೇಳೆಯ ಸೆನ್ಸರಿಗೆ 960 ಎಂಎಂ ನೋಟ ಕೊಡಲು 172 ಎಂಎಂ ನಿಜವಾದ ಫೋಕಲ್ ದೂರ ಸಾಕು. ಒಂದಿಂಚಿನ ಸೆನ್ಸರಿಗೆ ಅದೇ ನೋಟ ಬೇಕೆಂದರೆ 350 ಎಂಎಂ ದಾಟಬೇಕು. ಅದು ಯಾವ ಜೇಬಿಗೂ ಇಳಿಯುವುದಿಲ್ಲ. ದೊಡ್ಡ ಸೆನ್ಸರ್, ಉದ್ದ ಝೂಮ್, ಚಿಕ್ಕ ಮೈ ಈ ಮೂರರಲ್ಲಿ ಎರಡನ್ನು ಮಾತ್ರ ಆರಿಸಿಕೊಳ್ಳಲು ಸಾಧ್ಯ. ಪ್ರವಾಸದ ಕ್ಯಾಮೆರಾ ಕೊಳ್ಳುವುದೆಂದರೆ ಯಾವುದನ್ನು ಬಿಟ್ಟುಕೊಡುತ್ತೇನೆ ಎಂದು ತೀರ್ಮಾನಿಸುವುದೇ.

ಬೇಲೂರಿನಲ್ಲಿ ಒಂದು ಶನಿವಾರ

ಓದಿದ್ದು ಸಾಕಾಗಿತ್ತು, ಕೈಯಲ್ಲಿ ಹಿಡಿದು ನೋಡಬೇಕಿತ್ತು. ನಮ್ಮ ಕಡೆಯವರಲ್ಲೇ ಮೂರು ಬಗೆಯ ಕ್ಯಾಮೆರಾಗಳಿದ್ದವು. ಮದ್ದೂರಿನ ಭಾವನ ಹತ್ತಿರ ಕ್ಯಾನನ್ ಎಸ್‌ಎಕ್ಸ್740: 40 ಎಕ್ಸ್, 24ರಿಂದ 960 ಎಂಎಂ, ಬೇಳೆಯ ಸೆನ್ಸರ್, 299 ಗ್ರಾಂ. ನನ್ನ ಸಹೋದ್ಯೋಗಿಯೊಬ್ಬರ ಹತ್ತಿರ ಪ್ಯಾನಾಸಾನಿಕ್ ಟಿಝಡ್200: 15 ಎಕ್ಸ್, 24ರಿಂದ 360 ಎಂಎಂ, ಒಂದಿಂಚಿನ ಸೆನ್ಸರ್, 340 ಗ್ರಾಂ. ಬೆಂಗಳೂರಿನಲ್ಲಿರುವ ಅಕ್ಕನ ಮಗನ ಹತ್ತಿರ ಸೋನಿ ಆರ್‌ಎಕ್ಸ್100 ಮಾರ್ಕ್ 7: 24ರಿಂದ 200 ಎಂಎಂ, ಅಂದರೆ ಬರೀ 8 ಎಕ್ಸ್, ಅದೂ ಒಂದಿಂಚಿನ ಸೆನ್ಸರ್, 302 ಗ್ರಾಂ. ಮೂರಕ್ಕೂ 20 ಮೆಗಾಪಿಕ್ಸೆಲ್. ಅಮೆರಿಕದಲ್ಲಿ ಬಿಡುಗಡೆಯಾದಾಗ ಮೂರರ ಬೆಲೆ ಕ್ರಮವಾಗಿ 400, 800, 1,200 ಡಾಲರ್. ಬೆಲೆ ಮೇಲೆ ಹೋದಂತೆ ಎಕ್ಸ್ ಕೆಳಗೆ ಇಳಿದಿದೆ ಎಂಬುದನ್ನು ಗಮನಿಸಿ. ಎಕ್ಸ್ ಒಂದೇ ಅಳತೆಗೋಲಾಗಿದ್ದರೆ ಹೀಗಾಗುತ್ತಿರಲಿಲ್ಲ.

ಜನವರಿಯ ಒಂದು ಶನಿವಾರ ಬೆಳಿಗ್ಗೆ ಮೂವರನ್ನೂ ಬೇಲೂರಿಗೆ ಬರಹೇಳಿದೆ. ಹಲ್ಲಿಯ ಎದುರು ಒಂದೇ ಜಾಗದಲ್ಲಿ ನಿಂತು, ಮೂರರಿಂದಲೂ ಕೊನೆಯವರೆಗೆ ಝೂಮ್ ಮಾಡಿ ಹತ್ತು ಹತ್ತು ಚಿತ್ರ ತೆಗೆದೆವು. ಮನೆಗೆ ಬಂದು ಕಂಪ್ಯೂಟರಿಗೆ ಹಾಕಿದರೆ ಬಂದದ್ದು ನಾನು ಎಣಿಸಿದಂತೆ ಇರಲಿಲ್ಲ. 40 ಎಕ್ಸ್‌ನಲ್ಲಿ ಹಲ್ಲಿ ಪರದೆ ತುಂಬ ಬಂದಿತ್ತು, ಆದರೆ ಅಂಚುಗಳು ಮೆತ್ತಗಿದ್ದವು, ಉಳಿಯ ಗೀರುಗಳು ಒಂದರೊಳಗೊಂದು ಕಲೆತಿದ್ದವು. 15 ಎಕ್ಸ್‌ನಲ್ಲಿ ಹಲ್ಲಿ ಚಿಕ್ಕದು. ಅದನ್ನು ಹಿಗ್ಗಿಸಿ ಪಕ್ಕದಲ್ಲಿಟ್ಟಾಗ ಎರಡರಲ್ಲೂ ಕಾಣುವ ವಿವರ ಹೆಚ್ಚುಕಡಿಮೆ ಒಂದೇ. 8 ಎಕ್ಸ್‌ನದು ಇನ್ನೂ ಚಿಕ್ಕದಾಗಿದ್ದರೂ ಹಲ್ಲಿ ಹಲ್ಲಿಯಾಗಿಯೇ ಇತ್ತು. 960 ಎಂಬುದು 200ರ ಐದು ಪಟ್ಟಾದರೆ ವಿವರವೂ ಐದು ಪಟ್ಟು ಇರಬೇಕಿತ್ತಲ್ಲ?

ಲೆನ್ಸಿನ ಬಾಯಿ ಎಷ್ಟು ಅಗಲ?

ಇದಕ್ಕೆ ಉತ್ತರ ಹೇಳಿದವರು ನಮ್ಮ ಶಾಲೆಯ ವಿಜ್ಞಾನದ ಮೇಷ್ಟ್ರು. ಬೆಳಕು ಅಲೆ. ಕಿರಿದಾದ ಕಿಂಡಿಯಲ್ಲಿ ತೂರಿ ಬಂದಾಗ ಅದು ಸ್ವಲ್ಪ ಹರಡುತ್ತದೆ. ಹಾಗಾಗಿ ಲೆನ್ಸು ಎಷ್ಟೇ ಚೆನ್ನಾಗಿದ್ದರೂ ಒಂದು ಬಿಂದು ಸೆನ್ಸರಿನ ಮೇಲೆ ಬಿಂದುವಾಗಿ ಬೀಳುವುದಿಲ್ಲ, ಪುಟ್ಟ ಬೊಟ್ಟಾಗಿ ಬೀಳುತ್ತದೆ. ಭಾವನ ಕ್ಯಾಮೆರಾ ಪೂರ್ತಿ ಝೂಮ್ ಆದಾಗ ಅದರ ಕಿಂಡಿ ಎಫ್/6.9. ಆಗ ಬೀಳುವ ಬೊಟ್ಟು ಸುಮಾರು 9 ಮೈಕ್ರಾನ್ ಅಗಲ. ಮೈಕ್ರಾನ್ ಎಂದರೆ ಎಂಎಂನ ಸಾವಿರದಲ್ಲೊಂದು ಭಾಗ. ಅದರ ಸೆನ್ಸರಿನ ಒಂದೊಂದು ಚುಕ್ಕೆಯ ಅಗಲವೋ ಬರೀ 1.2 ಮೈಕ್ರಾನ್. ಒಂದು ಬೊಟ್ಟಿನೊಳಗೆ ಅಡ್ಡಕ್ಕೆ ಏಳೆಂಟು ಚುಕ್ಕೆ ಕೂರುತ್ತವೆ. 1,400 ಚುಕ್ಕೆಯ ಹಲ್ಲಿಯಲ್ಲಿ 1,400 ಚುಕ್ಕೆಯಷ್ಟು ವಿವರ ಇರಲಿಲ್ಲ.

ಹಾಗಾದರೆ ಎರಡು ಝೂಮ್ ಲೆನ್ಸುಗಳನ್ನು ಹೋಲಿಸುವುದು ಹೇಗೆ? ಮೇಷ್ಟ್ರು ಒಂದು ಸುಲಭದ ದಾರಿ ಹೇಳಿಕೊಟ್ಟರು. ಲೆನ್ಸಿನ ಸುತ್ತ ನಿಜವಾದ ಫೋಕಲ್ ದೂರ, ಎಫ್ ಸಂಖ್ಯೆ ಎರಡನ್ನೂ ಸಣ್ಣಕ್ಷರದಲ್ಲಿ ಅಚ್ಚು ಹಾಕಿರುತ್ತಾರೆ. ಕೊನೆಯ ಫೋಕಲ್ ದೂರವನ್ನು ಕೊನೆಯ ಎಫ್ ಸಂಖ್ಯೆಯಿಂದ ಭಾಗಿಸಿ. ಬರುವುದು ಲೆನ್ಸು ಬಾಯಿ ತೆರೆದ ಅಗಲ. ದೂರದ ವಸ್ತುವಿನಿಂದ ಎಷ್ಟು ವಿವರ ಹೆಕ್ಕಬಹುದು ಎಂಬುದಕ್ಕೆ ಪ್ರಕೃತಿ ಹಾಕಿದ ಮೇಲ್ಮಿತಿ ಅದು. 172ನ್ನು 6.9ರಿಂದ ಭಾಗಿಸಿದರೆ ಸುಮಾರು 25 ಎಂಎಂ. ಟಿಝಡ್200ಕ್ಕೆ 132ನ್ನು 6.4ರಿಂದ, ಸುಮಾರು 21. ಸೋನಿಗೆ 72ನ್ನು 4.5ರಿಂದ, 16. ಡಬ್ಬಿಯ ಮೇಲೆ 40, 15, 8 ಎಂದು ಅಷ್ಟು ದೂರ ದೂರ ನಿಂತ ಸಂಖ್ಯೆಗಳು ಇಲ್ಲಿ 25, 21, 16 ಎಂದು ಪಕ್ಕಪಕ್ಕಕ್ಕೆ ಬಂದು ಕೂತವು. ಮೊದಲನೆಯದು ಮೂರನೆಯದರ ಒಂದೂವರೆ ಪಟ್ಟು ಮಾತ್ರ. ನಮ್ಮ ಕಂಪ್ಯೂಟರಿನ ಪರದೆಯ ಮೇಲೆ ಕಂಡದ್ದೂ ಇದೇ. ಅಂಗಡಿಯಲ್ಲಿ ಯಾರಾದರೂ ಎಕ್ಸ್ ಎಂದ ತಕ್ಷಣ ನಾನೀಗ ಮನಸ್ಸಿನಲ್ಲೇ ಈ ಭಾಗಾಕಾರ ಮಾಡುತ್ತೇನೆ.

ನವರಂಗದ ಕತ್ತಲು

ಹೊರಗೆ ಬಿಸಿಲಿದ್ದುದರಿಂದ ಮೂರೂ ಮರ್ಯಾದೆ ಉಳಿಸಿಕೊಂಡವು. ಬಾಗಿಲು ದಾಟಿ ಒಳಗೆ ಹೋದ ಕೂಡಲೇ ಲೆಕ್ಕ ಬದಲಾಯಿತು. ಬೇಲೂರಿನ ನವರಂಗ ಎಷ್ಟು ಕತ್ತಲೆಂದರೆ ಕಣ್ಣು ಹೊಂದಿಕೊಳ್ಳಲು ಎರಡು ನಿಮಿಷ ಬೇಕು. ಜಾಲಂಧ್ರಗಳಿಂದ ಸೋಸಿ ಬರುವ ಬೆಳಕಿನಲ್ಲಿ ಕಡೆದ ಕಂಬಗಳ ಹೊಳಪಷ್ಟೇ ಮೊದಲು ಕಾಣುತ್ತದೆ. ಒಳಗಿನ ನಾಲ್ವರು ಮದನಿಕೆಯರು ನಡುವಣ ಕಂಬಗಳ ನೆತ್ತಿಯಲ್ಲಿದ್ದಾರೆ. ಮೂರುಕಾಲಿನ ಸ್ಟ್ಯಾಂಡ್ ಇಡಬೇಕಾದರೆ ಪುರಾತತ್ವ ಇಲಾಖೆಯ ಅನುಮತಿ ಬೇಕು. ನಮ್ಮಂಥವರಿಗೆ ಕೈಯೇ ಗತಿ.

ಇಂಥ ಕಡೆ ಕ್ಯಾಮೆರಾ ಐಎಸ್ಒ ಏರಿಸುತ್ತದೆ, ಅಂದರೆ ಸಿಕ್ಕಿದಷ್ಟು ಬೆಳಕನ್ನೇ ಹಿಗ್ಗಿಸಿ ತೋರಿಸುತ್ತದೆ. ಹಿಗ್ಗಿಸಿದಷ್ಟೂ ಚಿತ್ರದ ಮೇಲೆ ರವೆ ಉದುರಿಸಿದ ಹಾಗೆ ಕಾಳುಕಾಳು ಬರುತ್ತದೆ. ಮೂರನ್ನೂ ಐಎಸ್ಒ 3200ಕ್ಕೆ ಇಟ್ಟು, ಒಬ್ಬಳೇ ಮದನಿಕೆಯನ್ನು ಒಂದೇ ಅಳತೆಗೆ ಝೂಮ್ ಮಾಡಿ ತೆಗೆದೆವು. ಬೇಳೆಯ ಸೆನ್ಸರಿನಲ್ಲಿ ಅವಳ ಕೊರಳ ಹಾರದ ಮಣಿಗಳೂ ರವೆಯೂ ಬೆರೆತುಹೋಗಿದ್ದವು. ಹುಣಸೆಬೀಜದ ಎರಡರಲ್ಲೂ ಮಣಿಗಳನ್ನು ಒಂದೊಂದಾಗಿ ಎಣಿಸಬಹುದಿತ್ತು. ಭಾವನ ಕ್ಯಾಮೆರಾದ ಐಎಸ್ಒ 3200ಕ್ಕೇ ಮುಗಿಯುತ್ತದೆ. ಉಳಿದೆರಡು 12,800ರವರೆಗೆ ಹೋಗುತ್ತವೆ. ಕೈ ನಡುಗಿದರೂ ಚಿತ್ರ ಕದಡದಂತೆ ಶಟರಿನ ವೇಗ ಹೆಚ್ಚಿಸಲು ಅಲ್ಲಿ ಅವಕಾಶವಿದೆ.

ಫೋನಿನ ಬಗ್ಗೆಯೂ ನ್ಯಾಯವಾಗಿ ಹೇಳಬೇಕು. ಅದೇ ನವರಂಗದ ಇಡೀ ನೋಟವನ್ನು ಅಗಲವಾಗಿ ತೆಗೆಯಲು ಅಕ್ಕನ ಮಗನ ಹೊಸ ಫೋನಿನ ರಾತ್ರಿ ಮೋಡ್ ಚೆನ್ನಾಗಿ ಕೆಲಸ ಮಾಡಿತು. ಹಲವು ಚಿತ್ರಗಳನ್ನು ತೆಗೆದು ಒಂದರ ಮೇಲೊಂದು ಹೊಂದಿಸಿ ಅದು ಒಂದು ಚಿತ್ರ ಮಾಡಿಕೊಡುತ್ತದೆ. ಗುಡಿಯ ಮುಂದೆ ಮನೆಯವರನ್ನೆಲ್ಲ ನಿಲ್ಲಿಸಿ ತೆಗೆಯುವುದು, ದಾರಿಯ ನೋಟ, ಊಟದ ಎಲೆ, ಇಷ್ಟೇ ನಿಮ್ಮ ಪ್ರವಾಸದ ಚಿತ್ರಗಳಾಗಿದ್ದರೆ ಬೇರೆ ಕ್ಯಾಮೆರಾಗೆ ದುಡ್ಡು ಹಾಕಬೇಡಿ. ದೂರದ್ದನ್ನು, ಎತ್ತರದ್ದನ್ನು, ಮಬ್ಬಿನಲ್ಲಿರುವ ಸಣ್ಣದನ್ನು ನೋಡುವ ಆಸೆ ಇದ್ದವರಿಗಷ್ಟೇ ಇದರ ಅಗತ್ಯ.

ಕೊಕ್ಕರೆ ಬೆಳ್ಳೂರಿನ ಬಿಸಿಲು

ಇಷ್ಟು ಕೇಳಿ ಭಾವ ಮುಖ ಸಣ್ಣಗೆ ಮಾಡಿಕೊಂಡರು. "ಹಂಗಾದ್ರೆ ನಾನು ತಗೊಂಡಿದ್ದು ದಂಡನಾ?" ಎಂದರು. ಖಂಡಿತ ಅಲ್ಲ. ಭಾವ ಕ್ಯಾಮೆರಾ ತೆಗೆದುಕೊಂಡದ್ದು ಗುಡಿಗಳಿಗಲ್ಲ. ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿಗೆ ಅವರು ಪ್ರತಿ ವರ್ಷ ಹೋಗುತ್ತಾರೆ. ಅಲ್ಲಿ ಊರೊಳಗಿನ ಮರಗಳ ಮೇಲೇ ಹೆಜ್ಜಾರ್ಲೆಗಳೂ ಬಣ್ಣದ ಕೊಕ್ಕರೆಗಳೂ ಗೂಡು ಕಟ್ಟುತ್ತವೆ. ಊರಿನವರು ಅವನ್ನು ಮನೆಮಕ್ಕಳ ಹಾಗೆ ನೋಡಿಕೊಂಡು ಬಂದಿದ್ದಾರೆ.

ಅಲ್ಲಿಗೂ ಭಾಗಾಕಾರ ಹಾಕಿ ನೋಡಿ. ಬೀದಿಯಿಂದ ಗೂಡಿಗೆ 30 ಮೀಟರ್ ಎಂದುಕೊಂಡರೆ 200 ಎಂಎಂನಲ್ಲಿ ಐದೂವರೆ ಮೀಟರ್ ಅಗಲದ ಕೊಂಬೆ ಬರುತ್ತದೆ, 360ರಲ್ಲಿ 3 ಮೀಟರ್, 960ರಲ್ಲಿ ಒಂದು ಮೀಟರಿಗೆ ಸ್ವಲ್ಪ ಹೆಚ್ಚು. ಬಣ್ಣದ ಕೊಕ್ಕರೆಯ ಎತ್ತರ ಹತ್ತಿರ ಹತ್ತಿರ ಒಂದು ಮೀಟರ್, ಚೌಕಟ್ಟಿನ ತುಂಬ ಅದೊಂದೇ. ಬಾಯಿ 25 ಎಂಎಂ ತೆರೆಯುವ ಲೆನ್ಸಿನಿಂದ ಸಿಗುವ ಒಂದೂವರೆ ಪಟ್ಟು ವಿವರ ಇಲ್ಲಿ ಪೂರ್ತಿಯಾಗಿ ದಕ್ಕುತ್ತದೆ, ಏಕೆಂದರೆ ಮರದ ನೆತ್ತಿಯಲ್ಲಿ ಬಿಸಿಲಿಗೆ ಬರವಿಲ್ಲ. ಬೆಲೆಯೂ ಮೂರರಲ್ಲಿ ಕಡಿಮೆ. ಹಕ್ಕಿ, ಜೋಗದ ನೀರಿನ ಧಾರೆ, ದೂರದ ಗೋಪುರ, ಹುಣ್ಣಿಮೆಯ ಚಂದ್ರ, ಇಂಥವನ್ನು ಬೆಳಕಿನಲ್ಲಿ ತೆಗೆಯುವವರಿಗೆ ಬೇಳೆಯ ಸೆನ್ಸರಿನ ಉದ್ದ ಝೂಮ್ ಸರಿಯಾದ ಆಯ್ಕೆ. ಒಂದು ಕಿವಿಮಾತು ಮಾತ್ರ ಹೇಳುತ್ತೇನೆ, ಬೆಳಿಗ್ಗೆ ಹೋಗಿ. ಮಧ್ಯಾಹ್ನ ನೆಲದಿಂದೇಳುವ ಬಿಸಿ ಗಾಳಿ ನಡುವೆ ಕುಣಿಯುತ್ತಿರುತ್ತದೆ. 960 ಎಂಎಂನಲ್ಲಿ ಕೊಕ್ಕರೆಯ ಜೊತೆ ಆ ಕುಣಿತವೂ ಅಷ್ಟೇ ದೊಡ್ಡದಾಗಿ ಬರುತ್ತದೆ.

ಇನ್ನೂ ಉದ್ದ ಬೇಕೆನ್ನುವವರಿಗೆ ನಿಕಾನ್ ಪಿ900 ಇದೆ, 2000 ಎಂಎಂ. ಪಿ1000 ಇದೆ, 3000 ಎಂಎಂ. ಮೊದಲನೆಯದರ ತೂಕ ಸುಮಾರು 900 ಗ್ರಾಂ, ಎರಡನೆಯದು 1.4 ಕೆಜಿ. ಇವು ಕೊರಳಿಗೆ ಹಾಕಿಕೊಳ್ಳುವ ಕ್ಯಾಮೆರಾಗಳು, ಕೈಚೀಲದವಲ್ಲ.

ಅಕ್ಕನ ಮಗನ ದಾರಿ ಬೇರೆ. ಅವನು ಮದುವೆಮನೆ, ನಾಟಕ, ಸಂಜೆಯ ಸಂತೆ ಎಂದು ಓಡಾಡುತ್ತಾನೆ, ವಿಡಿಯೊ ಮಾಡುತ್ತಾನೆ. ಅವನ ಸೋನಿಗೆ ಹೊರಗಿನ ಮೈಕ್ ಜೋಡಿಸಬಹುದು, ಪರದೆ ಮೇಲಕ್ಕೆ ತಿರುಗುತ್ತದೆ, ಸೆಕೆಂಡಿಗೆ 20 ಚಿತ್ರ ತೆಗೆಯುತ್ತದೆ. ಮೂರರಲ್ಲಿ ಅದರ ಲೆನ್ಸಿಗೇ ಹೆಚ್ಚು ಬೆಳಕು ಹಿಡಿಯುವ ಶಕ್ತಿ. ಜನರ ನಡುವೆ, ಸಂಜೆ ಬೆಳಕಿನಲ್ಲಿ, ಹತ್ತಡಿ ದೂರದಲ್ಲಿ ಓಡಾಡುವವರನ್ನು ತೆಗೆಯಲು 200 ಎಂಎಂ ಧಾರಾಳ.

ಚಾಳೀಸು, ಧೂಳು, ಕೊರಳಪಟ್ಟಿ

ನನಗೀಗ ಐವತ್ತೊಂದು. ಚಾಳೀಸಿಲ್ಲದೆ ಕ್ಯಾಮೆರಾದ ಹಿಂದಿನ ಪರದೆ ಮಸುಕು. ಚಾಳೀಸು ಹಾಕಿಕೊಂಡರೆ ಗುಡಿ ಮಸುಕು. ಮೇಲಾಗಿ ಹಳೇಬೀಡಿನ ಅಂಗಳದ ನಡುಹಗಲಿನಲ್ಲಿ ಯಾವ ಪರದೆಯೂ ಸರಿಯಾಗಿ ಕಾಣುವುದಿಲ್ಲ. ಕಣ್ಣಿಗೆ ಒತ್ತಿ ಹಿಡಿದು ನೋಡುವ ವ್ಯೂಫೈಂಡರ್ ಈ ಎರಡು ಕಷ್ಟವನ್ನೂ ನೀಗಿಸುತ್ತದೆ. ಅದರ ಬದಿಯಲ್ಲೊಂದು ಪುಟ್ಟ ಹೊಂದಾಣಿಕೆ ಇರುತ್ತದೆ, ಅದನ್ನು ನಮ್ಮ ಕಣ್ಣಿಗೆ ತಕ್ಕಂತೆ ತಿರುಗಿಸಿಕೊಂಡರೆ ಚಾಳೀಸು ಬೇಡ. ಕ್ಯಾಮೆರಾ ಹಣೆಗೆ ಆನಿಕೊಳ್ಳುವುದರಿಂದ ಕೈಯೂ ನಡುಗುವುದಿಲ್ಲ. ಟಿಝಡ್200ರಲ್ಲಿ ಇದು ಮೈಯಲ್ಲೇ ಇದೆ, ಸೋನಿಯಲ್ಲಿ ಗುಂಡಿ ಒತ್ತಿದರೆ ಮೇಲೇಳುತ್ತದೆ, ಎಸ್‌ಎಕ್ಸ್740ರಲ್ಲಿ ಇಲ್ಲ. ಉದ್ದ ಝೂಮ್ ಬೇಕು, ವ್ಯೂಫೈಂಡರೂ ಬೇಕು ಎನ್ನುವವರು ಸೋನಿ ಎಚ್‌ಎಕ್ಸ್99 ನೋಡಬಹುದು: 720 ಎಂಎಂ, ಬರೀ 242 ಗ್ರಾಂ. 2025ರಲ್ಲಿ ಬಂದ ಪ್ಯಾನಾಸಾನಿಕ್ ಟಿಝಡ್99ರಲ್ಲಿ ಫೋನಿನ ಈಗಿನ ಚಾರ್ಜರ್ ವೈರನ್ನೇ ಚುಚ್ಚಬಹುದು, ಆದರೆ ಅದರ ಹಿಂದಿನ ಮಾದರಿಯಲ್ಲಿದ್ದ ವ್ಯೂಫೈಂಡರನ್ನು ತೆಗೆದುಬಿಟ್ಟಿದ್ದಾರೆ. ನಲವತ್ತೈದು ದಾಟಿದ ಓದುಗರು ಈ ಒಂದು ಅಂಶವನ್ನು ತಪ್ಪದೆ ನೋಡಿ ಎಂದು ನಾನು ಒತ್ತಿ ಹೇಳುತ್ತೇನೆ.

ಇನ್ನು ಧೂಳಿನ ಮಾತು. ಝೂಮ್ ಲೆನ್ಸು ಹೊರಗೆ ಚಾಚಿದಾಗಲೆಲ್ಲ ಕಮ್ಮಾರನ ತಿದಿಯ ಹಾಗೆ ಗಾಳಿ ಎಳೆದುಕೊಳ್ಳುತ್ತದೆ. ಗಾಳಿಯ ಜೊತೆ ಧೂಳೂ ಹೋಗುತ್ತದೆ. ಹಿಂದೊಮ್ಮೆ ನಾವು ಮನೆಯಲ್ಲಿಟ್ಟುಕೊಂಡಿದ್ದ ಸಣ್ಣ ಕ್ಯಾಮೆರಾವನ್ನು ಹಂಪಿಯಲ್ಲಿ ನಾಲ್ಕು ದಿನ ಬರಿಗೈಲಿ ಹಿಡಿದು ತಿರುಗಿದ್ದೆವು. ಆಮೇಲಿನ ಪ್ರತಿ ಚಿತ್ರದ ಆಕಾಶದಲ್ಲೂ ಎರಡು ಕಪ್ಪು ಮಚ್ಚೆ. ಬಿಚ್ಚಿ ತೆಗೆಸಲು ಕೇಳಿದ ದುಡ್ಡು ಕ್ಯಾಮೆರಾದ ಬೆಲೆಯ ಅರ್ಧ. ಈಗ ಬಟ್ಟೆಯ ಚೀಲದಲ್ಲಿ ಹಾಕಿ, ಅದನ್ನು ಜಿಪ್ ಇರುವ ಪೌಚಿನಲ್ಲಿ ಇಡುತ್ತೇನೆ. ಗೋಕರ್ಣದ ಮರಳಿನಲ್ಲಿ ಝೂಮ್ ಮುಟ್ಟುವುದಿಲ್ಲ.

ಉದ್ದ ಝೂಮ್‌ನಲ್ಲಿ ಕೈ ನಿಲ್ಲಿಸಲು ದುಡ್ಡಿಲ್ಲದ ಉಪಾಯವೊಂದಿದೆ. ಕೊರಳಪಟ್ಟಿ ಹಾಕಿಕೊಂಡು, ಪಟ್ಟಿ ಬಿಗಿಯಾಗುವವರೆಗೆ ಕ್ಯಾಮೆರಾವನ್ನು ಮುಂದಕ್ಕೆ ಒತ್ತಿ ಹಿಡಿಯಿರಿ. ಮೊಣಕೈ ಪಕ್ಕೆಗೆ ಅಂಟಿರಲಿ. ಎರಡು ಸೆಕೆಂಡಿನ ಟೈಮರ್ ಹಾಕಿದರೆ ಗುಂಡಿ ಒತ್ತುವ ಅದುರೂ ಇರುವುದಿಲ್ಲ. ಶಿಲ್ಪವಿರುವ ಗೋಡೆಗೆ ಮಾತ್ರ ದಯವಿಟ್ಟು ಒರಗಬೇಡಿ.

ಕೊಳ್ಳುವ ದಿನ

ಹೊರಡುವ ಮುನ್ನ ಒಂದು ಸಂಜೆ ಬಿಡುವು ಮಾಡಿಕೊಂಡು ನಿಮ್ಮ ಹಳೆಯ ಪ್ರವಾಸಗಳ ಚಿತ್ರಗಳನ್ನು ಒಂದೊಂದಾಗಿ ನೋಡಿ. ಯಾವ ಚಿತ್ರದಲ್ಲಿ "ಇನ್ನೂ ಹತ್ತಿರ ಬಂದಿದ್ದರೆ" ಎನಿಸುತ್ತದೆ, ಯಾವುದರಲ್ಲಿ "ಇನ್ನೂ ಬೆಳಕಿದ್ದಿದ್ದರೆ" ಎನಿಸುತ್ತದೆ ಎಂದು ಎರಡು ಪಟ್ಟಿ ಮಾಡಿ. ಮೊದಲ ಪಟ್ಟಿ ಉದ್ದವಾದರೆ ಉದ್ದ ಝೂಮ್, ಎರಡನೆಯದು ಉದ್ದವಾದರೆ ದೊಡ್ಡ ಸೆನ್ಸರ್. ನನ್ನ ಪಟ್ಟಿಗಳು ಹೆಚ್ಚುಕಡಿಮೆ ಸಮವಾಗಿ ಬಂದವು. ಹೊರಗೆ ಹಲ್ಲಿ, ಒಳಗೆ ಕತ್ತಲು. 21 ಎಂಎಂ ಬಾಯಿ, ಹುಣಸೆಬೀಜದ ಸೆನ್ಸರ್, ಕಣ್ಣಿಗೆ ಹಿಡಿಯುವ ಕಿಂಡಿ ಮೂರೂ ಇದ್ದದ್ದರಿಂದ ಟಿಝಡ್200 ನನಗೆ ಹೊಂದಿತು. ಹೊಸದರ ಬೆಲೆ ನನ್ನ ಕೈಗೆ ನಿಲುಕಲಿಲ್ಲ. ಬಳಸಿದ್ದನ್ನೇ ಕೊಂಡೆ.

ಬಳಸಿದ್ದು ಕೊಳ್ಳುವವರು ಮೂರು ಪರೀಕ್ಷೆ ಮಾಡಿ. ಝೂಮನ್ನು ಹತ್ತು ಸಲ ಪೂರ್ತಿ ಹೊರಗೆ ಒಳಗೆ ಓಡಿಸಿ, ಕರಕರ ಸದ್ದು ಬರಬಾರದು, ನಡುವೆ ಸಿಕ್ಕಿಕೊಳ್ಳಬಾರದು. ಕಿಂಡಿಯನ್ನು ಎಫ್/8ಕ್ಕೆ ಕಿರಿದು ಮಾಡಿ, ಪೂರ್ತಿ ಝೂಮ್‌ನಲ್ಲಿ ಬಿಳಿ ಗೋಡೆಯ ಚಿತ್ರ ತೆಗೆದು ದೊಡ್ಡದು ಮಾಡಿ ನೋಡಿ, ಮಚ್ಚೆ ಕಂಡರೆ ಒಳಗೆ ಧೂಳಿದೆ. ಬ್ಯಾಟರಿ ಇನ್ನೂ ಮಾರುಕಟ್ಟೆಯಲ್ಲಿ ಸಿಗುತ್ತದೆಯೇ ವಿಚಾರಿಸಿ, ಪ್ರವಾಸಕ್ಕೆ ಎರಡು ಬೇಕೇ ಬೇಕು. ಹೊಸದು ಕೊಳ್ಳುವುದಾದರೆ ಜಿಎಸ್‌ಟಿ ಬಿಲ್ಲು, ಭಾರತದ ವಾರಂಟಿ ಎರಡೂ ಇವೆಯೇ ಎಂದು ಮೊದಲೇ ಕೇಳಿ. ಹೊರದೇಶದಿಂದ ತಂದು ಅಗ್ಗಕ್ಕೆ ಮಾರುವ ಮಾಲಿಗೆ ಇಲ್ಲಿ ರಿಪೇರಿ ಸಿಗುವುದು ಕಷ್ಟ.

ಕ್ಯಾಮೆರಾ ಬಂದ ಮೇಲಿನ ಮೊದಲ ಭಾನುವಾರವೇ ಬೇಲೂರಿಗೆ ಹೋದೆ. ಸೋಮವಾರ ಹಳೆಯ ಫೋನ್ ಚಿತ್ರವನ್ನೂ ಹೊಸದನ್ನೂ ಪ್ರೊಜೆಕ್ಟರಿನಲ್ಲಿ ಅಕ್ಕಪಕ್ಕ ಹಾಕಿದೆ. ಹತ್ತನೇ ತರಗತಿಗೆ ಹೋಗಿದ್ದ ಆ ಹುಡುಗಿಯನ್ನೂ ಕರೆಸಿದ್ದೆ. ಹೊಸ ಚಿತ್ರದಲ್ಲಿ ಹಲಸಿನ ಮುಳ್ಳು, ನೊಣ, ಮುಂದಕ್ಕೆ ಚಾಚಿದ ಹಲ್ಲಿಯ ತಲೆ, ಎಲ್ಲವೂ ಗೋಡೆಯಷ್ಟು ದೊಡ್ಡದಾಗಿ ಬಂದಿದ್ದವು. ಅವಳು ಹೊಸದನ್ನು ನೋಡಿದಳು, ಎದ್ದು ಹೋಗಿ ಹಳೆಯ ಚಿತ್ರದ ಬೂದು ಕಲೆಯ ಮೇಲೆ ಬೆರಳಿಟ್ಟಳು, ಮತ್ತೆ ಹೊಸದನ್ನು ನೋಡಿದಳು.

"ಇದ್ರಲ್ಲೂ ಇತ್ತು ಮಿಸ್," ಎಂದಳು. "ನಮಗೆ ಕಾಣ್ತಿರ್ಲಿಲ್ಲ, ಅಷ್ಟೆ."